ಹದಿನಾಲ್ಕನೇ ಕಲಮು

ಶಿಕಾಗೋದಷ್ಟು ಚಪ್ಪಟೆಯಾದ ಊರನ್ನು ದೇವರು ಇನ್ನೊಂದು ಮಾಡಿರಲಿಕ್ಕಿಲ್ಲ. ರೊಟ್ಟಿ ತಟ್ಟಿದ ಹಾಗೆ ತಟ್ಟಿ, ಅಂಚಿಗೆ ಸಮುದ್ರದಂಥ ಒಂದು ಕೆರೆ ಇಟ್ಟು ಕೈ ತೊಳೆದುಕೊಂಡುಬಿಟ್ಟಿದ್ದಾನೆ. ಊರಾಚೆಯ ಒಂದು ಹಳೆಯ ಸ್ಮಶಾನದ ಹಿಂಬದಿಯಲ್ಲಿ ಮಾತ್ರ ನೆಲ ಯಾಕೋ ಮನಸ್ಸು ಬದಲಾಯಿಸಿ ಎರಡಾಳೆತ್ತರ ಏಳುತ್ತದೆ. ಬೆನ್ನಿಗೆ ದಿಬ್ಬ, ಎದುರಿಗೆ ಸಣ್ಣ ತೊರೆ, ದಿನವಿಡೀ ತೆಂಕಣ ಬಿಸಿಲು. ಆ ಇಳಿಜಾರು ೧೯೨೭ರಿಂದ ಬುರ್ಗೆನ್‌ಲಾಂಡ್ ಕಾರ್ಮಿಕರ ಕಾಯಿಲೆ ಮತ್ತು ಶವಸಂಸ್ಕಾರ ಸಹಾಯ ಸಂಘದ ಸ್ವತ್ತು. ಆಸ್ಟ್ರಿಯಾದ ಮೂಡಣಂಚಿನ ಹಳ್ಳಿಗಳಿಂದ ಇಟ್ಟಿಗೆ ಹೊರುವುದಕ್ಕೆ, ಸಾಹುಕಾರರ ಮನೆಯ ಪಾತ್ರೆ ತಿಕ್ಕುವುದಕ್ಕೆ ಬಂದ ಆ ಜನ ಸಂಬಳ ಉಳಿಸಿ ಮೊದಲು ಕೊಂಡದ್ದು ಮನೆಯನ್ನಲ್ಲ, ಅರವತ್ತು ಗುಂಡಿಯ ಜಾಗವನ್ನು. ಅದರಲ್ಲಿ ಮೂವತ್ತೇಳು ತುಂಬಿವೆ. ಮಿಕ್ಕವಕ್ಕೆ ಗಿರಾಕಿಯಿಲ್ಲ. ಮೊಮ್ಮಕ್ಕಳಿಗೆ ತಾವು ಆಸ್ಟ್ರಿಯಾದವರು ಎಂಬುದು ಕ್ರಿಸ್‌ಮಸ್ಸಿನ ಬಿಸ್ಕತ್ತು ತಿನ್ನುವಾಗ ನೆನಪಾಗುತ್ತದೆ, ಸಾಯುವಾಗ ಆಗುವುದಿಲ್ಲ.

ಸಂಘದಲ್ಲಿ ಉಸಿರಾಡುತ್ತಿರುವ ಸದಸ್ಯರು ಮೂರೇ ಜನ. ವೃದ್ಧಾಶ್ರಮದ ಗಾಲಿಕುರ್ಚಿಯಲ್ಲಿ ಕೂತು ಅಧ್ಯಕ್ಷತೆ ನಡೆಸುವ ತೊಂಬತ್ತೊಂದರ ಊರ್ಬಾನ್ ಗಾಂಗ್ಲ್ ಒಬ್ಬ. ಫ್ಲಾರಿಡಾದಲ್ಲಿ ಮಗಳ ಮನೆ ಸೇರಿ, ಫೋನು ಮಾಡಿದರೆ ಯಾರು ಯಾರು ಎಂದು ಮಾತ್ರ ಕೇಳುವ ಒಬ್ಬ ಮುದುಕಿ. ಮೂರನೆಯವಳು ಕಾರ್ಯದರ್ಶಿ ಎರ್ನಾ ಚೀಡಾ. ಎಪ್ಪತ್ತೇಳು ವಯಸ್ಸು, ಸೊಂಟದ ಒಂದು ಕೀಲು ಕಬ್ಬಿಣದ್ದು, ಗಂಡ ಲೊರೆಂಜ್ ಆಗಲೇ ಇಳಿಜಾರಿನಲ್ಲಿ.

ಹೋದ ವರ್ಷ ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಿದ್ದಳು. ವಲಸೆ ಬಂದ ಕೊರಿಯನ್ನರದೂ ಆಸ್ಟ್ರಿಯನ್ನರದೂ ಸಾಮಾಜಿಕ, ಆರ್ಥಿಕ ಸ್ಥಿತಿಗತಿಗಳನ್ನು ತೂಗಿ ನೋಡುವುದು ಅವಳ ಪಿಎಚ್.ಡಿ. "ನಿಮ್ಮ ಸಮುದಾಯದ ಈಗಿನ ಸ್ಥಿತಿ ಹೇಗಿದೆ ಸರ್?" ಎಂದು ಗಾಂಗ್ಲನನ್ನು ಕೇಳಿದ್ದಕ್ಕೆ ಅವನು, "ಮಲಗಿದ್ದೀವಮ್ಮ, ಸಾಲಾಗಿ," ಎಂದಿದ್ದ. ಮಿಕ್ಕ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟವಳು ಎರ್ನಾ. ಕೊನೆಗೆ ಬಂದ ಪುಸ್ತಕದಲ್ಲಿ ಆಸ್ಟ್ರಿಯನ್ನರು ಅಂತಸ್ತಿನಲ್ಲಿ ಎರಡಂಕ ಮೇಲೆ, ಕೊರಿಯನ್ನರು ಓದಿನಲ್ಲಿ ನಾಲ್ಕಂಕ ಮೇಲೆ ಎಂದು ತೀರ್ಮಾನವಾಗಿತ್ತು. ಕೊರಿಯನ್ನರಲ್ಲಿ ಬೇರೆಯವರ ಮನೆಗೆಲಸ ಮಾಡಿದ ಹೆಂಗಸರು: ಸೊನ್ನೆ. ಆಸ್ಟ್ರಿಯನ್ನರಲ್ಲಿ ಮನೆಗೆ ಆಳಿಟ್ಟುಕೊಂಡವರು: ಸೊನ್ನೆ. ಓದಿದ ಎರ್ನಾ ಪುಸ್ತಕ ಮುಚ್ಚಿಟ್ಟಳು. ಆ ಎರಡು ಸೊನ್ನೆಗಳೂ ಹುಟ್ಟಿದ್ದು ಅವಳ ಅಡುಗೆಮನೆಯಲ್ಲೇ.

ಈ ವರ್ಷದ ಮಾರ್ಚಿನಲ್ಲಿ, ಒಂದು ಬೆಳಿಗ್ಗೆ, ಪ್ಯೋ ಮೇಷ್ಟ್ರು ಅವಳ ಬಾಗಿಲು ತಟ್ಟಿದರು. ಕೋಟು, ಟೈ, ಕೈಯಲ್ಲೊಂದು ಪೆಟ್ಟಿಗೆ ಕೊರಿಯಾದ ಪೇರ್ ಹಣ್ಣು. ಒಂದೊಂದು ಹಣ್ಣಿಗೂ ಬಿಳಿ ಬಲೆಯ ಅಂಗಿ. ಹಿಂದೆ ತಮ್ಮ ದೇಶದಲ್ಲಿ ಹೈಸ್ಕೂಲಿಗೆ ಭೂಗೋಳ ಕಲಿಸುತ್ತಿದ್ದವರು, ಇಲ್ಲಿ ಮೂವತ್ತು ವರ್ಷ ಬಟ್ಟೆ ಒಗೆಯುವ ಅಂಗಡಿ ನಡೆಸಿದವರು. ಒಂದು ಅಂಗಡಿ ಮೂರಾಯಿತು. ಅವರ ಚರ್ಚಿನವರಿಗೆ ಮಾತ್ರ ಅವರು ಇವತ್ತಿಗೂ ಮೇಷ್ಟ್ರೇ. ಅವರ ಹೆಂಡತಿ ಮಾಲ್ಸುನ್ ಎರ್ನಾಳ ಗೆಳತಿ. ಹೊಟ್ಟೆಯ ಕ್ಯಾನ್ಸರಿನಿಂದ ಅವಳು ಆಸ್ಪತ್ರೆ ಸೇರಿ ತಿಂಗಳಾಗಿತ್ತು.

"ಡಾಕ್ಟರು ಇನ್ನು ವಾರದ ಲೆಕ್ಕ ಅಂದ್ರು ಚೀಡಾ ಅವರೇ," ಎಂದರು ಮೇಷ್ಟ್ರು, ಕುರ್ಚಿಯ ತುದಿಯಲ್ಲಿ ಕೂತು. "ನಮ್ಮ ಚರ್ಚಿನ ಜಾಗ ಹೆದ್ದಾರಿ ಪಕ್ಕ ಇದೆ. ಕಲ್ಲು ನಿಲ್ಲಿಸೋ ಹಾಗಿಲ್ಲ. ಹುಲ್ಲು ಕತ್ತರಿಸೋ ಯಂತ್ರ ಮೇಲೇ ಹಾದು ಹೋಗಬೇಕಲ್ಲ, ಅದಕ್ಕೆ. ಅವಳು ಒಂದೇ ಒಂದು ಕೇಳಿದ್ಲು. ನಿಮ್ಮ ಇಳಿಜಾರು. ನಮ್ಮೂರ ಗೋರಿಗಳ ಹಾಗೆ ಬೆನ್ನಿಗೆ ಗುಡ್ಡ ಬೇಕು ಅಂತಾಳೆ. ನಲವತ್ತು ವರ್ಷದಲ್ಲಿ ಅವಳು ನನ್ನ ಏನೂ ಕೇಳಿದವಳಲ್ಲ."

"ಖಾಲಿ ಇದೆಯಲ್ಲ, ಕೊಡೋಣ," ಎಂದುಬಿಟ್ಟಳು ಎರ್ನಾ. ಅಂದ ಮೇಲೆ ಸಂಘದ ನಿಯಮಾವಳಿ ನೆನಪಾಯಿತು.

ಮಾರನೆಯ ದಿನ ಇಬ್ಬರೂ ಗಾಂಗ್ಲನ ಕೋಣೆಗೆ ಹೋದರು. ಅವನು ಕನ್ನಡಕ ಏರಿಸಿ, ಹಳದಿಗಟ್ಟಿದ ಪುಸ್ತಕವನ್ನು ಜಪಪುಸ್ತಕದ ಹಾಗೆ ತೊಡೆಯ ಮೇಲಿಟ್ಟುಕೊಂಡು ಕಾದಿದ್ದ.

"ಆರನೇ ಕಲಮು. ಹೊರಗಿನವರಿಗೆ ಗುಂಡಿ ಕೊಡೋಕೆ ಸಭೆಯಲ್ಲಿ ಐದು ಜನ ಸದಸ್ಯರು ಹಾಜರಿರಬೇಕು. ನಾವೆಷ್ಟು ಜನ ಇದ್ದೀವಿ, ಹುಡುಗಿ?"

"ಮೂರು."

"ಹೊಸ ಸದಸ್ಯರನ್ನ ಸೇರಿಸ್ಕೊಳ್ಳೋಕೆ?"

"ಐದು."

"ನಿಯಮ ಬದಲಾಯಿಸೋಕೆ?"

"ಐದು, ಊರ್ಬಾನ್. ನಂಗೊತ್ತು."

"೧೯೬೧ರಲ್ಲಿ ಇದನ್ನ ಮೂರಕ್ಕಿಳಿಸೋಣ ಅಂದಿದ್ದೆ. ನಿನ್ನ ಗಂಡನೇ ಅಡ್ಡ ಬಂದ. ಮೂರೇ ಜನ ಉಳಿಯೋ ಕಾಲ ಬಂದ್ರೆ ನೋಡ್ಕೊಳ್ಳೋಣ ಅಂದ. ಈಗ ಹೋಗಿ ಕೇಳು, ಇಳಿಜಾರಲ್ಲೇ ಇದ್ದಾನೆ."

ಕೋರ್ಟಿಗೆ ಹೋಗಬಹುದಿತ್ತು. ಎರ್ನಾ ಬೆಳಿಗ್ಗೆಯೇ ಒಬ್ಬ ವಕೀಲನಿಗೆ ಫೋನು ಮಾಡಿದ್ದಳು. ಗೆಲ್ಲುವುದು ಖಂಡಿತ, ಒಂದೂವರೆ ವರ್ಷ ಹಿಡಿಯುತ್ತದೆ ಎಂದಿದ್ದ.

ಮೇಷ್ಟ್ರು ಎದ್ದು ನಿಂತರು. ಗಾಂಗ್ಲ್ ಕೈಯೆತ್ತಿದ. "ಕೂತ್ಕೊಳ್ಳಿ ಸ್ವಾಮಿ. ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಪೂರ್ತಿ ಓದಿದೆ. ಹದಿನಾಲ್ಕನೇ ಕಲಮು ಒಂದಿದೆ. 'ಸದಸ್ಯರ ಮನೆಯಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಚಾಕರಿ ಮಾಡಿದ ಆಳು, ಯಾವ ದೇಶದವರಾಗಿದ್ದರೂ, ಆ ಸದಸ್ಯರ ಕುಟುಂಬದವರೆಂದೇ ಎಣಿಸತಕ್ಕದ್ದು.' ಇದಕ್ಕೆ ಸಭೆ ಬೇಡ. ನನ್ನದೊಂದು ಸಹಿ, ಇವಳದೊಂದು, ಆ ಆಳಿನ ಹತ್ತಿರದ ಬಂಧುವಿನದೊಂದು."

"ಆಳು ಅಂದ್ರೆ?" ಎಂದರು ಮೇಷ್ಟ್ರು.

"ಮನೆಗೆಲಸದವಳು. ಕಸ ಮುಸುರೆ." ಗಾಂಗ್ಲನಿಗೆ ಉತ್ಸಾಹವೇ ಬಂದಿತ್ತು. "ನಮ್ಮಮ್ಮನ ಕಾಲದೋರು ಬರೆದದ್ದು ಸ್ವಾಮಿ. ಹಗಲೆಲ್ಲ ಸಾಹುಕಾರರ ಮನೇಲಿ ನೆಲ ಒರೆಸಿ ಬಂದು, ಸಂಜೆ ಸಭೆ ಸೇರಿ, ಮುಂದೊಂದು ದಿನ ನಮಗೂ ಆಳುಗಳಿರ್ತಾರಲ್ಲ, ಅವರನ್ನೆಲ್ಲಿ ಮಣ್ಣು ಮಾಡೋದು ಅಂತ ಯೋಚಿಸಿದಾರೆ ನೋಡಿ. ಎಂಬತ್ತನಾಲ್ಕು ವರ್ಷದಲ್ಲಿ ಒಬ್ಬರಿಗೂ ಆ ಯೋಗ ಬರ್ಲಿಲ್ಲ. ಎರ್ನಾ, ನೀನು ಮೊದಲನೇ ಯಜಮಾನಿ ಆಗು. ಕಾಗದದ ಮೇಲೆ ಒಂದು ಸಾಲು, ಅಷ್ಟೆ."

ಮೇಷ್ಟ್ರು ಆ ಪುಟದಿಂದ ಕಣ್ಣೆತ್ತಿದರು. "ನನ್ನ ಹೆಂಡತಿಯ ಕೈಕೆಳಗೆ ಹನ್ನೊಂದು ಜನ ಕೆಲಸ ಮಾಡ್ತಿದ್ರು," ಎಂದರು. ದನಿ ಏರಲಿಲ್ಲ. ನಕ್ಷೆಯಲ್ಲಿ ತಪ್ಪಾಗಿ ಗುರುತಿಸಿದ ನದಿಯನ್ನು ತಿದ್ದುವವರ ಹಾಗಿತ್ತು. ಆಮೇಲೆ ಇಬ್ಬರಿಗೂ ಬಾಗಿ ನಮಸ್ಕರಿಸಿ ಹೊರಟುಹೋದರು.

ಎರ್ನಾ ಆ ಪುಸ್ತಕವನ್ನು ಮುಚ್ಚಿದಳು. ನಿಜ ಹೇಳುವಂತಿರಲಿಲ್ಲ.

೧೯೭೭ರಲ್ಲಿ ಲೊರೆಂಜ್ ಅಟ್ಟಣಿಗೆಯಿಂದ ಬಿದ್ದು ಬೆನ್ನು ಮುರಿದುಕೊಂಡಿದ್ದ. ಎರ್ನಾ ಮಿಠಾಯಿ ಕಾರ್ಖಾನೆಯಲ್ಲಿ ಎರಡು ಪಾಳಿ ದುಡಿಯುತ್ತಿದ್ದಳು. ಅವನನ್ನು ಮಗ್ಗುಲಾಗಿಸುವುದಕ್ಕೆ, ಒಲೆ ಹಚ್ಚುವುದಕ್ಕೆ, ನೆಲ ಒರೆಸುವುದಕ್ಕೆ ಒಬ್ಬರು ಬೇಕಿತ್ತು. ಮಂಗಳವಾರ, ಶುಕ್ರವಾರ ಮಾಲ್ಸುನ್ ಬರುತ್ತಿದ್ದಳು. ಎರಡು ವರ್ಷ ನಾಲ್ಕು ತಿಂಗಳು. ತನ್ನ ಗಂಡ ತಿರುಪು ಕಾರ್ಖಾನೆಯ ಕೆಲಸದಲ್ಲಿದ್ದ ಹೊತ್ತು ನೋಡಿಕೊಂಡು ಬಂದು ಹೋಗುತ್ತಿದ್ದವಳು, ಅವರಿಗೆ ಇಂಗ್ಲಿಷ್ ತರಗತಿಗೆ ಹೋಗುತ್ತೇನೆಂದು ಹೇಳಿದ್ದಳು. ಎರ್ನಾ ತನ್ನ ಸಂಘದವರಿಗೆ ಅವಳು ಮೇಲಿನ ಮನೆಯ ಬಾಡಿಗೆಯವಳು ಎಂದಿದ್ದಳು. ಆಳಿಟ್ಟುಕೊಂಡಿದ್ದಾಳೆಂದು ಗೊತ್ತಾದರೆ, ಓಹೋ ಜಮೀನ್ದಾರಿಣಿ ಎಂದು ಜನ್ಮಪೂರ್ತಿ ಆಡಿಕೊಳ್ಳುವ ಜನ ಅವರು. ಒಬ್ಬಳಿಗೆ ಕೆಳಗಾದ ನಾಚಿಕೆ, ಇನ್ನೊಬ್ಬಳಿಗೆ ಮೇಲಾದ ನಾಚಿಕೆ. ಮುಚ್ಚಿಡೋಣ ಎಂದು ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಕೈ ಹಿಡಿದು ಆಣೆ ಮಾಡಿಕೊಂಡಿದ್ದರು. ನೋಡಿದ್ದ ಒಬ್ಬನೇ ಸಾಕ್ಷಿ ಲೊರೆಂಜ್.

ಆ ಮಧ್ಯಾಹ್ನವೇ ಅವಳು ಆಸ್ಪತ್ರೆಗೆ ಹೋದಳು. ಮಾಲ್ಸುನ್ ಹಾಸಿಗೆಯಲ್ಲಿ ಮಡಿಸಿಟ್ಟ ಬಟ್ಟೆಯ ಹಾಗೆ ಮಲಗಿದ್ದಳು. ಕಣ್ಣು ಮಾತ್ರ ಹಳೆಯವೇ. ಎಲ್ಲ ಕೇಳಿ, ನಗಲಾರದೆ ನಕ್ಕಳು.

"ಯಾ ಯಾ. ಕೊನೆಗೂ ನಿನ್ನ ಮನೆ ಕೆಲಸಕ್ಕೆ ಒಂದು ಪಿಂಚಣಿ ಅಂತಾಯ್ತು ಬಿಡು, ಅಕ್ಕ."

"ನಿನ್ನ ಗಂಡನಿಗೆ ನಿಜ ಹೇಳ್ಲಾ? ನೀನು ಹೂಂ ಅಂದ್ರೆ ಸಾಕು."

"ಬೇಡ."

"ಮೂವತ್ತನಾಲ್ಕು ವರ್ಷ ಆಯ್ತಲ್ಲೇ."

"ಅದಕ್ಕೇ ಬೇಡ. ನಮ್ಮನೆಯವರು ಬಂದವರಿಗೆಲ್ಲ ಏನು ಹೇಳ್ತಾರೆ ಗೊತ್ತಾ? 'ಎಷ್ಟು ಕಷ್ಟ ಬಂದ್ರೂ ಹೆಂಡತೀನ ಇನ್ನೊಬ್ಬರ ಮನೆ ಬಾಗಿಲಿಗೆ ಕಳಿಸ್ಲಿಲ್ಲ.' ಅಂಗಡಿ ಎಲ್ಲಾ ಮಾರಾಯ್ತು. ಅವರ ಹತ್ರ ಉಳಿದಿರೋದು ಆ ಒಂದು ಮಾತು. ಈ ವಾರ ಅದನ್ನೂ ಕಿತ್ಕೊಳ್ಳೋದಾ?" ಉಸಿರು ಕೂಡಿಸಿಕೊಂಡಳು. "ಒಂದು ಕೆಲಸ ಮಾಡು. ಸುಳ್ಳು ಅಂತ ತಿಳ್ಕೊಂಡೇ ಸಹಿ ಮಾಡ್ಲಿ. ನೀನು ಒಪ್ಪಿಸು. ಕಾರ್ಖಾನೇಲಿ ಮೇಸ್ತ್ರಿ ಕೈಲೇ ನಿನ್ನ ಪಾತ್ರೆ ತೊಳೆಸ್ತಿದ್ದವಳಲ್ವಾ ನೀನು."

"ಜಾಗ ಬೇಕಲ್ವಾ ನಿಂಗೆ?"

"ಬೇಕು," ಎಂದಳು ಮಾಲ್ಸುನ್, ಬೇರೆ ದನಿಯಲ್ಲಿ. "ಹೆದ್ದಾರಿ ಪಕ್ಕ ನಿದ್ದೆ ಬರಲ್ಲ ನಂಗೆ."

ನಿಜವನ್ನು ಸುಳ್ಳೆಂದು ನಂಬಿಸಿ ಸಹಿ ಹಾಕಿಸುವ ಕೆಲಸ ಎರ್ನಾಳ ಪಾಲಿಗೆ ಬಂತು. ಮೂರು ದಿನ ಮೇಷ್ಟ್ರ ಬೆನ್ನು ಬಿದ್ದಳು. ಫೋನಿನಲ್ಲಿ ಹೇಳಿದಳು, ಸೇಬು ತುಂಬಿದ ಹೋಳಿಗೆಯಂಥ ಸಿಹಿ ಮಾಡಿಕೊಂಡು ಹೋಗಿ ಹೇಳಿದಳು. ಯಾರೂ ಓದುವುದಿಲ್ಲ, ಗಾಂಗ್ಲ್ ಸತ್ತರೆ ಕಾಗದವನ್ನು ಇಲಿಯೂ ಮುಟ್ಟುವುದಿಲ್ಲ ಎಂದಳು. ಮೇಷ್ಟ್ರು ಪ್ರತಿಸಲ ಬಾರ್ಲಿ ನೀರು ಕಾಯಿಸಿ ಕೊಟ್ಟು, ಪ್ರತಿಸಲ ಅದೇ ಮಾತು ಹೇಳಿದರು.

"ನಾನು ಮಕ್ಕಳಿಗೆ ಪಾಠ ಹೇಳಿದವನು. ಸುಳ್ಳಿಗೆ ಹೇಗೆ ರುಜು ಹಾಕಲಿ? ಅದೂ ಅವಳ ಹೆಸರಿನ ಮೇಲೆ."

ನಾಲ್ಕನೆಯ ದಿನ ಮಾಲ್ಸುನ್‌ಗೆ ಮಾತು ನಿಂತಿತು. ಅವಳ ಮಗಳು ಕ್ಯಾಲಿಫೋರ್ನಿಯಾದಿಂದ ವಿಮಾನ ಹತ್ತಿದ್ದಳು. ಎರ್ನಾ ಆಸ್ಪತ್ರೆಯ ಮಂಚದ ಪಕ್ಕ ಕೂತು, "ಹೇಳಿಬಿಡ್ಲಾ?" ಎಂದು ಎರಡು ಸಲ ಕೇಳಿದಳು. ಕೈ ಒತ್ತಿದಳು. ಆ ಕೈ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಕೋಣೆಯ ಹೊರಗೆ ಬೆಂಚಿನ ಮೇಲೆ ಮೇಷ್ಟ್ರು ಕೂತಿದ್ದರು. ಎರ್ನಾ ಕೊನೆಯ ಸಲ ಕಾಗದ ಮುಂದಿಟ್ಟಳು. ಅವರು ಅದನ್ನು ಮುಟ್ಟದೆಯೇ ಹೇಳಿದರು: "ನಿಜವೇ ಆಗಿದ್ದಿದ್ರೆ ತಲೆ ತಗ್ಗಿಸಿ ಸಹಿ ಹಾಕ್ತಿದ್ದೆ ಚೀಡಾ ಅವರೇ. ಅವಳು ಕೇಳಿದ್ದು ಅದೊಂದೇ ಅಲ್ವಾ. ನನ್ನ ಮಾನ ಹೋದ್ರೆ ಹೋಗ್ಲಿ ಅಂತಿದ್ದೆ. ಆದರೆ ನಿಜ ಅಲ್ಲವಲ್ಲ."

ಎರ್ನಾ ಕೋಣೆಯ ಬಾಗಿಲ ಕಡೆ ನೋಡಿದಳು. ಆಣೆ ಮಾಡಿದವಳು ಬಾಗಿಲಾಚೆ ಇದ್ದಾಳೆ, ಆಣೆಯಿಂದ ಬಿಡಿಸುವ ಶಕ್ತಿ ಅವಳಿಗಿಲ್ಲ. ಆಣೆ ಮುರಿಯದಿದ್ದರೆ ಹೆದ್ದಾರಿ.

"ನಿಜ," ಎಂದಳು. "ನಿಜ, ಮೇಷ್ಟ್ರೇ. ೧೯೭೭ರಿಂದ. ಮಂಗಳವಾರ, ಶುಕ್ರವಾರ. ನನ್ನ ಲೊರೆಂಜ್‌ನ ಮಗ್ಗುಲಾಗಿಸ್ತಿದ್ಲು, ನೆಲ ಒರೆಸ್ತಿದ್ಲು. ನಿಮಗೆ ಇಂಗ್ಲಿಷ್ ತರಗತಿ ಅಂತ ಹೇಳಿದ್ಲು."

ಮೇಷ್ಟ್ರು ಅವಳ ಮುಖವನ್ನು ದಿಟ್ಟಿಸಿದರು. ಅವರ ಮುಖದಲ್ಲಿ ಏನೋ ಒಂದು ಕ್ಷಣ ಕದಲಿದಂತಾಗಿ ಎರ್ನಾಳಿಗೆ ಭಯವೂ ಆಸೆಯೂ ಒಟ್ಟಿಗೆ ಆದವು. ಆಮೇಲೆ ಅದು ನಿಧಾನವಾಗಿ ಮೃದುವಾಯಿತು. ಅವರ ಕಣ್ಣು ತುಂಬಿಬಂತು.

"ಎಂಥಾ ಮನಸ್ಸು ನಿಮ್ಮದು," ಎಂದರು. "ನಮಗೋಸ್ಕರ ಸುಳ್ಳು ಹೇಳೋವರೆಗೂ ಬಂದ್ರಲ್ಲ."

"ಸುಳ್ಳಲ್ಲ ನಾನು ಹೇಳ್ತಿರೋದು. ನೆನಪು ಮಾಡ್ಕೊಳ್ಳಿ, ಅವಳು ಹೌದು ಅನ್ನೋಕೆ ನಮ್ಮ ಜರ್ಮನ್‌ನ ಹಾಗೆ ಯಾ ಯಾ ಅಂತಾಳಲ್ಲ, ಯಾವ ಇಂಗ್ಲಿಷ್ ತರಗತೀಲಿ ಕಲಿಸ್ತಾರೆ ಅದನ್ನ? ನನ್ನಿಂದ ಬಂದದ್ದು."

"ಆ ತರಗತಿ ಮೇಷ್ಟ್ರು ಜರ್ಮನಿಯವರಂತೆ. ಅವಳೇ ಹೇಳಿದ್ಲು ಆಗ." ಅವರು ಕೋಟಿನ ಜೇಬಿನಿಂದ ಕನ್ನಡಕ ತೆಗೆದು ಒರೆಸಿಕೊಂಡರು. "ಆ ವಿಶ್ವವಿದ್ಯಾಲಯದ ಪುಸ್ತಕ ನಿಮಗೂ ಬಂದಿರಬೇಕಲ್ವಾ? ನಮ್ಮ ಹೆಂಗಸರ ಸಾಲಿನಲ್ಲಿ ಸೊನ್ನೆ. ಆಳಿಟ್ಟವರ ಸಾಲಿನಲ್ಲಿ ನಿಮ್ಮವರದೂ ಸೊನ್ನೆ. ಆ ಹುಡುಗಿ ಮಾತಾಡಿಸಿದ್ದು ನಿಮ್ಮನ್ನೇ ತಾನೆ?"

ನಾನು ಆಗ ಸುಳ್ಳು ಹೇಳಿದ್ದೆ, ಈಗ ನಿಜ ಹೇಳುತ್ತಿದ್ದೇನೆ ಎಂದಳು ಎರ್ನಾ. ಹೇಳುತ್ತಿದ್ದಂತೆಯೇ ಅದು ಅವಳ ಕಿವಿಗೇ ಹುರುಳಿಲ್ಲದಂತೆ ಕೇಳಿಸಿತು. ಮನೆಯಲ್ಲಿ ಏನಾದರೂ ಇರಬಹುದು ಎಂದು ಓಡಿದಳು. ಸಂಜೆಯವರೆಗೆ ಕಪಾಟು, ಬಿಸ್ಕತ್ತಿನ ಡಬ್ಬ, ಲೊರೆಂಜ್‌ನ ಆಸ್ಪತ್ರೆಯ ಕಾಗದ ಎಲ್ಲ ಸುರುವಿದಳು. ಒಂದು ಚೀಟಿಯಿಲ್ಲ, ಒಂದು ಫೋಟೋ ಇಲ್ಲ. ಇಬ್ಬರೂ ಸೇರಿ ಅಷ್ಟು ಅಚ್ಚುಕಟ್ಟಾಗಿ ಗುಡಿಸಿಹಾಕಿದ್ದರು.

ಮಾಲ್ಸುನ್ ಮಾರನೆಯ ಬೆಳಿಗ್ಗೆ ತೀರಿಕೊಂಡಳು.

ಹೆದ್ದಾರಿ ಪಕ್ಕದ ಜಾಗದಲ್ಲಿ ಗಾಳಿ ಬಲವಾಗಿತ್ತು. ಪಾದ್ರಿಯ ಮಾತು ಲಾರಿಗಳ ನಡುವೆ ಸಂದಿ ಸಿಕ್ಕಾಗ ಮಾತ್ರ ಕೇಳಿಸುತ್ತಿತ್ತು. ಎಲ್ಲ ಮುಗಿದ ಮೇಲೆ ಪ್ಯೋ ಮೇಷ್ಟ್ರು ಚರ್ಚಿನವರ ಕಡೆ ತಿರುಗಿ ಕೊರಿಯನ್ನಿನಲ್ಲಿ ಏನೋ ಹೇಳಿದರು. ಕೈ ಎರ್ನಾಳ ಕಡೆ ಇತ್ತು.

"ಏನಂತಾರೆ?" ಎಂದು ಅವಳು ಪಕ್ಕದಲ್ಲಿದ್ದ ಮಗಳನ್ನು ಕೇಳಿದಳು.

"ನಮ್ಮಮ್ಮನಿಗೆ ಒಳ್ಳೇ ಜಾಗ ಸಿಗಲಿ ಅಂತ ನೀವು ದೇವರ ಎದುರು ಸುಳ್ಳು ಹೇಳೋಕೂ ಸಿದ್ಧವಾದ್ರಿ ಅಂತ," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತ. "ಅಂಥಾ ಗೆಳತಿ ಇದ್ದವಳು ಭಾಗ್ಯವಂತೆ ಅಂತ."

ಕಪ್ಪು ಕೋಟಿನ ಮುದುಕ ಮುದುಕಿಯರು ಸಾಲಾಗಿ ಬಂದರು. ಅರವತ್ತು ಎಪ್ಪತ್ತು ಜನ. ಒಬ್ಬೊಬ್ಬರೂ ಎರ್ನಾಳ ಮುಂದೆ ನಿಂತು, ಎರಡೂ ಕೈ ತೊಡೆಗೆ ಒತ್ತಿ, ಆಳವಾಗಿ ಬಾಗಿದರು. ಅಲ್ಲ, ಹಾಗಲ್ಲ ಎಂದು ಅವಳು ಮೊದಲ ಮೂರು ನಾಲ್ಕು ಜನಕ್ಕೆ ಹೇಳಿದಳು. ಅವರು ಅದನ್ನು ವಿನಯವೆಂದುಕೊಂಡು ಇನ್ನೂ ಕೆಳಕ್ಕೆ ಬಾಗಿದರು. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಕಬ್ಬಿಣದ ಸೊಂಟ ಎಷ್ಟು ಬಗ್ಗುತ್ತದೋ ಅಷ್ಟು ಬಗ್ಗಿ, ಕೊನೆಯವರವರೆಗೂ ಒಬ್ಬೊಬ್ಬರಿಗೂ ತಿರುಗಿ ನಮಸ್ಕರಿಸಿದಳು.