ಬೆಂಚಿನ ಮೇಲಿನವರು

"ಏಳಿ ಚಿಕ್ಕಪ್ಪ, ಅಲ್ಲಿ ಕೂರಬೇಡಿ," ಎನ್ನುತ್ತ ಮಗಳು ಅವನ ತೋಳು ಹಿಡಿದು ಎಳೆದೇಬಿಟ್ಟಳು.

ಚಿಕ್ಕಪ್ಪ ಎದ್ದು, ತಾನು ಕೂತಿದ್ದ ಬೆಂಚನ್ನು ತಿರುಗಿ ನೋಡಿದ. ಅಂಗಡಿಯ ನಡುವೆ, ತಕ್ಕಡಿ ರಿಪೇರಿಯ ಮೇಜನ್ನು ಪಕ್ಕಕ್ಕೆ ಸರಿಸಿ ಮಾಡಿದ ಜಾಗದಲ್ಲಿ ಅವನ ಅಣ್ಣ, ಅವಳ ಅಪ್ಪ, ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಹೊರಗೆ ಹೆಣ ಒಯ್ಯುವ ವ್ಯಾನು ಇಕ್ಕಟ್ಟಾದ ಬೀದಿಯಲ್ಲಿ ಹಿಂದಕ್ಕೆ ಬರಲು ಒದ್ದಾಡುತ್ತಿತ್ತು. ಬಂದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಮೂರು ಜನ ಆರಾಮಾಗಿ ಕೂರಬಹುದಾದ ಬೆಂಚು ಮಾತ್ರ ಖಾಲಿಯಿತ್ತು.

"ಇನ್ನೂ ಇದಾರಾ ಅವರು?" ಎಂದ ಚಿಕ್ಕಪ್ಪ. "ಅಣ್ಣನ ಹಿಂದೇನೇ ಹೊರಟಿರ್ತಾರೆ ಅಂದ್ಕೊಂಡಿದ್ದೆ."

ಯಾರೋ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಮಗಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಬೆಂಚನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ನೀನು ಕಣ್ಣು ಮುಚ್ಚಿದ ದಿನವೇ ಅದನ್ನು ಸೀಳಿ ಒಲೆಗೆ ಹಾಕುತ್ತೇನೆ ಎಂದು ಅಪ್ಪನ ಮುಖಕ್ಕೇ ಎಷ್ಟು ಸಲ ಹೇಳಿದ್ದಳೋ. ಈಗ ನೋಡಿದರೆ ತಾನೇ ಕಾವಲಿಗೆ ನಿಂತಿದ್ದಾಳೆ. ಹಾಳು ಅಭ್ಯಾಸ, ಸಾವಿನ ಮನೆಯಲ್ಲೂ ಬಿಡುವುದಿಲ್ಲ.

ಅಪ್ಪ ಸತ್ತದ್ದು ಹಾಡಹಗಲಲ್ಲಿ, ಇದೇ ಮೇಜಿನ ಮೇಲೆ ತಲೆಯಿಟ್ಟು. ಅವಳು ಸ್ಪ್ರಿಂಗ್ ತರಲು ಪೇಟೆಗೆ ಹೋಗಿದ್ದಳು. ಬರುವಷ್ಟರಲ್ಲಿ ಮೈ ತಣ್ಣಗಾಗಿತ್ತು. ಬೆಂಚಿನ ಮೇಲೆ ಮೂರು ಲೋಟ ಟೀ ಹಾಗೇ ಇತ್ತು. ಅಪ್ಪನ ಜನ್ಮವಿಡೀ ಬಿಟ್ಟಿ ಟೀ ಕುಡಿದ ಆ ಮೂವರಲ್ಲಿ ಒಬ್ಬರಿಗಾದರೂ ಎದ್ದು ಹೋಗಿ ಪಕ್ಕದ ಕಟಿಂಗ್ ಶಾಪಿನವನ ಬಾಗಿಲು ಬಡಿಯಲು ಆಗಲಿಲ್ಲವೇ?

ಚಿಕ್ಕಪ್ಪ ಅವಳ ಕಿವಿಯ ಹತ್ತಿರ ಬಗ್ಗಿ, ಮಂಡಿ ಸಾಹುಕಾರರು ಹಾರ ಕಳಿಸಿದ್ದಾರೆ, ಮಣ್ಣು ಮುಗಿದ ಮೇಲೆ ತಾವೇ ಬರುತ್ತಾರೆ ಎಂದ. ಮಾತು ಅರ್ಧ ಆಗಿದೆಯಂತೆ. ಮಂಡಿಯ ತಕ್ಕಡಿಗಳ ಕೆಲಸವೆಲ್ಲ ಇನ್ನು ಅವಳಿಗೇ. ಅವಳು ಹೂಂ ಎಂದಳು. ಬಾಗಿಲಿಗೆ ಒರಗಿಸಿದ್ದ ಹಾರ ಬಾಗಿಲಿನಷ್ಟೇ ಎತ್ತರವಿತ್ತು.

*

ಬೀದಿಯವರು ಅಪ್ಪನನ್ನು ಮಹಾರಾಜ ಎನ್ನುತ್ತಿದ್ದರು. ಕೆಲಸಕ್ಕೆ ಕೂತರೆ ಅವನ ಬಾಯಲ್ಲಿ 'ನಾನು' ಬರುತ್ತಲೇ ಇರಲಿಲ್ಲ. ನಾವು ನೋಡ್ತೀವಿ, ನಾವು ನಾಳೆ ಕೊಡ್ತೀವಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಕಟಿಂಗ್ ಶಾಪಿನವನು ಛೇಡಿಸುತ್ತಿದ್ದ. ಅಪ್ಪನಿಗೆ ಜಂಭವಿರಲಿಲ್ಲ, ಲೆಕ್ಕವಿತ್ತು. ನಾವು ಎಂದರೆ ಅವನು ಮತ್ತು ಬೆಂಚಿನ ಮೇಲಿನ ಮೂವರು.

ಆ ಮೂವರೂ ಅವನಿಗಿಂತ ಮೊದಲು ಅದೇ ಮೇಜಿನಲ್ಲಿ ಕೆಲಸ ಮಾಡಿ ಸತ್ತವರು. ಕೆಮ್ಮಜ್ಜ, ಎಡಚ, ಮತ್ತೆ ಹಿತ್ತಾಳೆ ಅಜ್ಜಿ. ಅಪ್ಪನಿಗೆ ಕೆಲಸ ಕಲಿಯುವ ಹೊಸದರಲ್ಲಿ, ಕೈ ತಪ್ಪುವ ಹೊತ್ತಿಗೆ ಸರಿಯಾಗಿ ಖಾಲಿ ಬೆಂಚಿನಿಂದ ಕೆಮ್ಮು ಕೇಳಿಸಿತಂತೆ. ಮೊದಲು ಹೆದರಿದ, ಆಮೇಲೆ ಕಿವಿಗೊಟ್ಟ. ಒಂದು ದಿನ ಆಸೆಗೆ ಬಿದ್ದು ಲಾಟರಿಗೆ ಯಾವ ನಂಬರು ಎಂದು ಕೇಳಿಬಿಟ್ಟ. ಮೂವರೂ ಮಾತು ಬಿಟ್ಟರು. ಮುನಿಸು ಇಳಿಯಲು ವರ್ಷವೇ ಹಿಡಿಯಿತು. ದಿನಾ ಟೀ ಇಟ್ಟ, ದಿನಾ ಬೆಂಚು ಒರೆಸಿದ, ಏನೂ ಕೇಳಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಮತ್ತೆ ಕೆಮ್ಮು ಕೇಳಿತು. ಅಂದಿನಿಂದ ಒಪ್ಪಂದ ಗಟ್ಟಿ: ಮೊದಲ ಟೀ ಅವರಿಗೆ, ಆ ಮೇಜಿನಲ್ಲಿ ಸುಳ್ಳು ತೂಕ ಕೂಡದು, ಕೆಲಸ ಬಿಟ್ಟು ಬೇರೇನೂ ಕೇಳಕೂಡದು.

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದ ಮೇಲೂ ಅವರ ಲೋಟಗಳಿಗೆ ಸಕ್ಕರೆ ಧಾರಾಳವಾಗಿ ಬೀಳುತ್ತಿತ್ತು. ಅವರು ಕುಡಿದಾಯಿತು ಎಂದು ಆರಿದ ಟೀಯನ್ನು ಚೆಲ್ಲದೆ ತಾನೇ ಕುಡಿಯುತ್ತಿದ್ದ ಕಳ್ಳ.

ನಗುವ ಮಾತೆಲ್ಲ ಅಷ್ಟೇ. ಅಮ್ಮ ಹಾಸಿಗೆ ಹಿಡಿದಾಗ ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಅವಳು ಬೆಂಚಿನ ಮುಂದೆ ನೆಲದ ಮೇಲೆ ಕೂತು, ಅಮ್ಮನ್ನ ಉಳಿಸಿ ಅಂತ ಕೇಳಪ್ಪಾ ಎಂದು ಅತ್ತಳು.

"ಅದು ಕೆಲಸದ ಮಾತಲ್ಲ ಮಗಳೇ," ಎಂದ ಅಪ್ಪ.

ಅದೇ ವಾರ ಸಾಹುಕಾರ ಬಂದ. ಮೂಟೆ ತೂಗುವ ತಕ್ಕಡಿಯ ಮುಳ್ಳನ್ನು ಕೂದಲೆಳೆಯಷ್ಟು ಬಾಗಿಸಿದರೆ ಸಾಕು, ದೊಡ್ಡ ಆಸ್ಪತ್ರೆಯ ಖರ್ಚು ತನ್ನದು ಎಂದ. ಅಪ್ಪ ಬೆಂಚಿನ ಕಡೆ ತಿರುಗಿ ನೋಡಿದ. ಒಳಗಿನ ಕೋಣೆಯಲ್ಲಿ ಅಮ್ಮ ನರಳುತ್ತಿದ್ದದ್ದು ಎಲ್ಲರಿಗೂ ಕೇಳುತ್ತಿತ್ತು.

"ನಾವು ಮಾಡಲ್ಲ," ಎಂದ ಅಪ್ಪ.

ಆ 'ನಾವು' ಎಂಬುದರಲ್ಲಿ ತಾನಿಲ್ಲ, ಅಮ್ಮನೂ ಇಲ್ಲ ಎಂಬುದು ಮಗಳಿಗೆ ಆವತ್ತೇ ತಿಳಿಯಿತು. ಅಮ್ಮ ಉಳಿಯಲಿಲ್ಲ. ಮಗಳು ಶಾಲೆ ಬಿಟ್ಟು ಅಪ್ಪನ ಪಕ್ಕ ಕೂತು ಕೆಲಸ ಕಲಿತಳು. ಬೇಕೆಂದೇ, ಅವನಿಗೆ ಕೇಳುವಂತೆ, 'ನಾನು ಮಾಡ್ತೀನಿ' ಎನ್ನುತ್ತಿದ್ದಳು. ಬೆಂಚಿಗೆ ಒಂದು ದಿನವೂ ಟೀ ಇಡಲಿಲ್ಲ.

*

ಮಣ್ಣು ಬೇಗ ಮುಗಿಯಿತು. ಹಾರ ಅಂಗಡಿಯಲ್ಲೇ ಉಳಿದಿತ್ತು. ವ್ಯಾನಿಗೆ ಹಾಕುವುದನ್ನು ಎಲ್ಲರೂ ಮರೆತಿದ್ದರು. ವಾಪಸು ಬಂದಾಗ ಸಾಹುಕಾರ ಬಾಗಿಲಲ್ಲೇ ಕಾಯುತ್ತಿದ್ದ. ವಯಸ್ಸಾಗಿತ್ತು, ಕೋಲು ಹಿಡಿದಿದ್ದ. ಚಿಕ್ಕಪ್ಪ ಕೂರಲು ಜಾಗ ಹುಡುಕಿ, ಮಗಳ ಕಡೆ ಒಮ್ಮೆ ನೋಡಿ, ಬೆಂಚು ಬಿಟ್ಟು ಅಪ್ಪನ ಸ್ಟೂಲನ್ನೇ ಎಳೆದು ಹಾಕಿದ.

ಸಾಹುಕಾರ ಮೊದಲು ನಾಲ್ಕು ಒಳ್ಳೆಯ ಮಾತಾಡಿದ. ಆಮೇಲೆ ವಿಷಯಕ್ಕೆ ಬಂದ. ಕೆಲಸ ಅದೇ, ಮುಳ್ಳು ಅದೇ, ಬಾಗಿಸಬೇಕಾದದ್ದೂ ಅಷ್ಟೇ. ಚಿಕ್ಕಪ್ಪ, ಊರಿಗೆ ಉಪಕಾರಿ ಮನೆಗೆ ಮಾರಿ ಆಗಿದ್ದ ನಮ್ಮಣ್ಣ, ನೀನಾದರೂ ಬದುಕುವ ದಾರಿ ನೋಡು ಎಂದು ಸೇರಿಸಿದ. ಮಗಳು ಬೆಂಚನ್ನೇ ನೋಡುತ್ತಿದ್ದಳು. ಆಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅನ್ನುವುದು, ಕೊಡಲಿ ತರುವುದು, ಬೆಂಚು ಸೀಳುವುದು. ಇಷ್ಟು ವರ್ಷದ ಉರಿ ಒಂದೇ ಸಂಜೆಗೆ ಆರುತ್ತಿತ್ತು.

"ಯೋಚನೆ ಮಾಡಬೇಡಮ್ಮ," ಎಂದ ಸಾಹುಕಾರ. "ನಿಮ್ಮಮ್ಮ ಮಲಗಿದಾಗ್ಲೂ ಬಂದೆ, ನಿಮ್ಮಪ್ಪ ಹೋದಾಗ್ಲೂ ಬಂದೆ. ಕಷ್ಟ ಬಂದಾಗ ಆಗೋನು ನಾನೇ. ಆ ಹುಚ್ಚ ಈ ಹಲಗೇನ ನಂಬ್ಕೊಂಡು ಹೆಂಡ್ತೀನ ಕಳ್ಕೊಂಡ."

ಅವಳೇ ಸಾವಿರ ಸಲ ಆಡಿದ್ದ ಮಾತು ಅದು. ಇವನ ಬಾಯಲ್ಲಿ ಕೇಳಿದಾಗ ಮಾತ್ರ ಅವಳ ನೆತ್ತಿಗೆ ರಕ್ತ ಏರಿತು.

"ಸರಿ ತೂಗೋ ತಕ್ಕಡಿ ರಿಪೇರಿಗೆ ಒಂದು ದಿನಾನೂ ಬರಲಿಲ್ಲ ನೀವು," ಎಂದಳು. "ಅಮ್ಮ ನರಳೋದು ಕೇಳಿಸ್ಕೊಂಡು ಬಂದ್ರಿ. ಈಗ ಅಪ್ಪನ ಮಣ್ಣು ಇನ್ನೂ ಹಸಿಯಿದೆ, ಮತ್ತೆ ಬಂದ್ರಿ. ಉರಿಯೋ ಮನೇಲಿ ಗಳ ಹಿರಿಯೋಕೆ ಬರೋರು ನೀವು. ನಾವು ಮಾಡಲ್ಲ."

ಸಾಹುಕಾರ ಖಾಲಿ ಅಂಗಡಿಯನ್ನು ಸುತ್ತ ನೋಡಿದ. "ನಾವು ಅಂದ್ರೆ ಯಾರಮ್ಮ? ಇರೋಳು ನೀನೊಬ್ಬಳು."

"ಯಾರಾದ್ರೂ ಆಗಲಿ. ನಿಮ್ಮ ಹಾರ ತಗೊಂಡು ಹೋಗಿ."

ಚಿಕ್ಕಪ್ಪ ಅವಳನ್ನು ಬೈಯುತ್ತಲೇ ಸಾಹುಕಾರನ ಹಿಂದೆ ಹೋದ. ಹಾರ ಕಾರಿನ ಬಾಗಿಲಲ್ಲಿ ತುರುಕಲಾಗದೆ ಹೂವು ಉದುರಿ ಬೀದಿಯ ತುಂಬ ಹರಡಿತು.

ಅವಳು ಮೇಜನ್ನು ಮೊದಲಿನ ಜಾಗಕ್ಕೆ ಎಳೆದಳು. ಸ್ಟೌ ಹಚ್ಚಿ ಟೀ ಕಾಯಿಸಿದಳು. ಮೂರು ಲೋಟಗಳನ್ನು ಬೆಂಚಿನ ಮೇಲೆ ಕುಕ್ಕಿದ ರಭಸಕ್ಕೆ ಟೀ ತುಳುಕಿತು.

"ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ," ಎಂದಳು. "ಹೋಗೋದೂ ಇಲ್ಲ. ಅಮ್ಮಂದೂ ಅಪ್ಪಂದೂ ನಿಮ್ಮನ್ನ ಕೇಳಬಾರದಂತೆ, ಕೇಳಲ್ಲ. ಟೀ ಇಟ್ಟಿದೀನಿ. ನನ್ನ ಕೈ ತಪ್ಪಿದ್ರೆ ಕೆಮ್ಮಿ."

ಯಾರೂ ಕೆಮ್ಮಲಿಲ್ಲ. ಅಪ್ಪ ಅರ್ಧಕ್ಕೆ ಬಿಟ್ಟಿದ್ದ ತಕ್ಕಡಿ ಮೇಜಿನ ಮೇಲಿತ್ತು. ಕೆಲಸಕ್ಕೆ ಕೂರಲು ಹೋದವಳು, ಸಾಹುಕಾರ ಕೂತೆದ್ದ ಅಪ್ಪನ ಸ್ಟೂಲನ್ನು ನೋಡಿ ನಿಂತಳು. ಒದ್ದೆ ಬಟ್ಟೆ ತಂದು ಅದನ್ನು ಚೆನ್ನಾಗಿ ಉಜ್ಜಿ ಒರೆಸಿದಳು. ಎತ್ತಿಕೊಂಡು ಹೋಗಿ ಬೆಂಚಿನ ತುದಿಗೆ, ಅದಕ್ಕೆ ತಾಗುವಂತೆ ಇಟ್ಟಳು. ನಾಲ್ಕನೆಯ ಲೋಟ ತುಂಬಿ ತಂದು ಸ್ಟೂಲಿನ ಮೇಲೆ ಇಟ್ಟಳು.

"ನಿನಗೆ ಸಕ್ಕರೆ ಹಾಕಿಲ್ಲ," ಎಂದು ಗದರಿ, ಸಕ್ಕರೆ ಹಾಕಿದ ಆ ಮೂರು ಲೋಟಗಳನ್ನು ಅವನ ಕೈಗೆ ಎಟುಕದಷ್ಟು ದೂರಕ್ಕೆ ಸರಿಸಿದಳು.