ಬಂದ, ನಿಲ್ಲು

ಬಿಸಿ ಲೋಚೋ ತಿಂಡಿಯ ಪೊಟ್ಟಣ ಹಿಡಿದು ಕೇಶವ ಒಳಗೆ ಬರುವಷ್ಟರಲ್ಲಿ ಸೋಫಾದ ಮೇಲಿನ ಅವನ ಜಾಗ ಹೋಗಿತ್ತು. ಮಗಳು ಮನಸ್ವಿನಿಯ ಪಕ್ಕ ಹೆಂಡತಿ ಪದ್ಮಾ ಕಾಲು ಮಡಿಚಿ ಕೂತು ವಿಡಿಯೊ ಗೇಮಿನ ಕಂಟ್ರೋಲರ್ ಹಿಡಿದಿದ್ದಳು. ಟೀವಿಯಲ್ಲಿ ಮುಸುಕು ಹಾಕಿದ ಹೆಂಗಸೊಬ್ಬಳು ಕೋಟೆಯ ಗೋಡೆಗೆ ಅಂಟಿಕೊಂಡು ಸರಿಯುತ್ತಿದ್ದಳು.

"ನಾನು ಬರೋವರೆಗೂ ಕಾಯೋಕಾಗ್ಲಿಲ್ವಾ?"

"ಸುಮ್ನೆ ಶುರು ಮಾಡಿದ್ವಿ ಪಪ್ಪಾ. ಅಮ್ಮ ಮಸ್ತ್ ಆಡ್ತಿದಾರೆ," ಎಂದಳು ಮನಸ್ವಿನಿ, ತಿರುಗಿಯೂ ನೋಡದೆ.

ಕೇಶವ ಪೊಟ್ಟಣ ಹಿಡಿದುಕೊಂಡೇ ನಿಂತ. ವಿಮಾ ಕಚೇರಿಯ ವರ್ಗಾವಣೆಯಲ್ಲಿ ಕನ್ನಡನಾಡು ಬಿಟ್ಟು ಕತಾರ್‌ಗಾಮ್‌ಗೆ ಬಂದಾಗಿನಿಂದ ಈ ಆಟದ ಹಿಂದಿನ ಎರಡೂ ಭಾಗಗಳನ್ನು ಅಪ್ಪ ಮಗಳು ಜೊತೆಯಾಗಿ ಆಡಿ ಮುಗಿಸಿದ್ದರು. ಅದೂ ಭಾನುವಾರ ಮಾತ್ರ. ಬೇರೆ ದಿನ ಕೆಳಗಿನ ಕಾರ್ಖಾನೆಯಲ್ಲಿ ವಜ್ರ ಉಜ್ಜುವ ಚಕ್ರಗಳ ಗುಂಯ್‌ಗುಟ್ಟುವಿಕೆಯಲ್ಲಿ ಆಟದೊಳಗಿನ ಕಾವಲುಗಾರರ ಹೆಜ್ಜೆ ಸಪ್ಪಳ ಕೇಳಿಸುತ್ತಿರಲಿಲ್ಲ. ಮನಸ್ವಿನಿ ಆಡುವುದು, ಕೇಶವ ಕಣ್ಣು ಮುಚ್ಚಿ ಕಿವಿಗೊಡುವುದು. "ಬಂದ, ನಿಲ್ಲು" ಎಂದರೆ ಅವಳ ಹೆಬ್ಬೆರಳು ನಿಲ್ಲಬೇಕು. "ಹೋದ, ನಡಿ" ಎಂದರೆ ಹೊರಡಬೇಕು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿ ಬೆರೆಸಿ ಉತ್ತರ ಕೊಡುವ ಹುಡುಗಿ ಆ ನಾಲ್ಕು ಮಾತಿಗೆ ಮಾತ್ರ ಚಾಚೂ ತಪ್ಪದೆ ನಡೆಯುತ್ತಿದ್ದಳು.

ಈ ಮೂರನೇ ಭಾಗವೋ, ತಿಂಡಿಗೆ ಕೂತರೆ ಊಟದ ಹೊತ್ತಿಗೆ ಮುಗಿಯುವಂಥದ್ದು. ಒತ್ತುವ ಗುಂಡಿಗಳೂ ಕಡಿಮೆ. ಗೋಡೆಯ ಆಚೆಗಿನ ಕಾವಲುಗಾರರೂ ಕೆಂಪಗೆ ಕಾಣುತ್ತಾರೆ, ಕಿವಿಗೆ ಕೆಲಸವೇ ಇಲ್ಲ. ಆ ಗುಂಡಿಗಳನ್ನು ನೋಡಿದರೇ ತಲೆ ತಿರುಗುತ್ತದೆ ಎನ್ನುತ್ತಿದ್ದ ಪದ್ಮಾ ಅರ್ಧ ಕೋಟೆ ದಾಟಿಬಿಟ್ಟಿದ್ದಳು.

"ಇದೂ ಒಂದು ಆಟವಾ? ಎಳೆಕೂಸೂ ಆಡುತ್ತೆ."

"ನಮ್ಮಂಥವ್ರಿಗೆ ಇಷ್ಟು ಸಾಕು ಬಿಡ್ರೀ," ಎಂದು ಪದ್ಮಾ ನಕ್ಕಳು. ಅವಳ ನಗೆ ಕಂಡು ಅವನಿಗೆ ಇನ್ನಷ್ಟು ಉರಿಯಿತು. ಕಟ್ಟಿಕೊಂಡ ಹೆಂಡತಿಯ ಮೇಲೇ ಹೊಟ್ಟೆಕಿಚ್ಚು, ಅದೂ ಮಗಳ ಪಕ್ಕ ಒಂದು ಗೇಣು ಜಾಗಕ್ಕೆ. ಯಾರ ಹತ್ತಿರ ಹೇಳಿಕೊಳ್ಳುವುದು? ಲೋಚೋವನ್ನು ತಟ್ಟೆಗೆ ಸುರಿದು ಪದ್ಮಾಳ ಮುಂದಿಟ್ಟು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತ.

ಕೊನೆಯ ಘಟ್ಟಕ್ಕೆ ಮನಸ್ವಿನಿ ಕಂಟ್ರೋಲರ್ ತೆಗೆದುಕೊಂಡಳು. ಇಲ್ಲಿ ಸಿಕ್ಕಿಬಿದ್ದರೆ ಮತ್ತೆ ಕೋಟೆಯ ಬಾಗಿಲಿನಿಂದ ಆಡಬೇಕು. ಉದ್ದನೆಯ ಪಡಸಾಲೆ, ತುದಿಯಲ್ಲಿ ಬಾಗಿಲು. ಕೆಂಪು ಆಕೃತಿ ಇದ್ದದ್ದು ಒಂದೇ, ಹಿಂದೆ ಮೆಟ್ಟಿಲ ಮೇಲೆ.

"ಯಾರೂ ಇಲ್ಲ, ನಡಿ," ಎಂದಳು ಪದ್ಮಾ.

ನಡಿ. ಅದು ಅವನ ಮಾತು.

"ಬಂದ, ನಿಲ್ಲು," ಎಂದುಬಿಟ್ಟ ಕೇಶವ, ಯಾವ ಹೆಜ್ಜೆಯೂ ಕೇಳಿಸದಿದ್ದರೂ.

ಹೆಬ್ಬೆರಳು ನಿಂತಿತು. ಮುಸುಕಿನ ಹೆಂಗಸು ಬಾಗಿಲಿಗೆ ಹೋಗದೆ ಕಂಬದ ಪಕ್ಕದಲ್ಲೇ ನಿಂತಳು. ಮೆಟ್ಟಿಲಿಳಿದು ಬಂದ ಕಾವಲುಗಾರ ಹಿಂದಿನಿಂದ ಅವಳ ಕುತ್ತಿಗೆ ಹಿಡಿದ.

"ಬಾಗಿಲ ಹತ್ರ ಯಾರೂ ಇರ್ಲಿಲ್ವಲ್ಲೇ. ಯಾಕೆ ನಿಂತೆ?" ಎಂದಳು ಪದ್ಮಾ.

"ಪಪ್ಪ ಹೇಳಿದ್ರು ನಾ." ಮನಸ್ವಿನಿಯ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಪಪ್ಪಾ ಕಭೀ ಗಲತ್ ನಹೀ ಬೋಲ್ತೆ, ತಪ್ಪು ಹೇಳೋದೇ ಇಲ್ಲ. ಈ ಲಾಲ್ ನಿಶಾನೇ ಸರಿ ಇಲ್ಲ."

ಅವಳು ಸೆಟ್ಟಿಂಗ್ಸ್‌ಗೆ ಹೋಗಿ ಕೆಂಪು ಗುರುತನ್ನು ಆಫ್ ಮಾಡಿದಳು. ಸದ್ದು ಏರಿಸಿದಳು. "ಈಗ ನೀವು ಹೇಳಿ ಪಪ್ಪಾ."

ಪದ್ಮಾ ಎದ್ದು ಜಾಗ ಬಿಟ್ಟುಕೊಟ್ಟಳು. ಕೇಶವ ಬಂದು ಕೂತ. ಸೋಫಾ ಇನ್ನೂ ಬೆಚ್ಚಗಿತ್ತು. ಕಣ್ಣು ಮುಚ್ಚಲು ಅವನಿಗೆ ಧೈರ್ಯ ಬರಲಿಲ್ಲ. ಕೋಟೆಯ ಕತ್ತಲಲ್ಲಿ ಹೆಜ್ಜೆ ಸಪ್ಪಳ ಹತ್ತಿರವಾಯಿತು.

"ಬಂದ," ಎಂದ, ಅವನಿಗೇ ಕೇಳಿಸದಷ್ಟು ಮೆಲ್ಲಗೆ.

ಮನಸ್ವಿನಿಯ ಹೆಬ್ಬೆರಳು ಥಟ್ಟನೆ ನಿಂತಿತು. ಪದ್ಮಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಟೀವಿಯನ್ನು ನೋಡದೆ, ಆರಿಹೋದ ಲೋಚೋದ ತಟ್ಟೆಯನ್ನು ಅವನ ಕಡೆಗೆ ಸರಿಸಿದಳು.