ನಿಂಬೆ ಗಿಡದ ಎರಡು ರೆಂಬೆ

ನಮ್ಮ ಮ್ಯೂಸಿಯಂನ ಕೀಟ ವಿಭಾಗದಲ್ಲಿ ಒಂದು ನಿಯಮವಿದೆ. ಹೊರಗಿನಿಂದ ಬಂದದ್ದು ಏನೇ ಇರಲಿ, ಮೊದಲು ಫ್ರೀಜರ್‌ಗೆ, ಒಳಗೆ ಹುಳುಹುಪ್ಪಟೆ ಇದ್ದರೆ ಚಳಿಗೆ ಸಾಯಲಿ ಅಂತ. ಸೂಜಿ ಚುಚ್ಚಿ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟ ಸಾವಿರಾರು ಒಣ ಚಿಟ್ಟೆ, ದುಂಬಿ, ಮಿಡತೆಗಳನ್ನು ಕಾಯುವುದು ನಮ್ಮ ಕೆಲಸ. ಅವನ್ನೆಲ್ಲ ತಿಂದು ಹಿಟ್ಟು ಮಾಡುವ ಇನ್ನೊಂದು ಪುಟ್ಟ ದುಂಬಿ ಇದೆ. ಅದೇನಾದರೂ ಬಟ್ಟೆಯ ಮಡಿಕೆಯಲ್ಲೋ ರಟ್ಟಿನ ಸಂದಿಯಲ್ಲೋ ಕೂತು ಒಳಗೆ ಬಂತೋ, ನಮ್ಮ ಕಥೆ ಮುಗಿಯಿತು. ಹಾಗಾಗಿ ಬಾಗಿಲ ಬಳಿ ನನ್ನ ಹಿರಿಯ ಸಹೋದ್ಯೋಗಿ ಕೂತಿರುತ್ತಾರೆ. ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುವುದು ಚೆಕ್‌ಪೋಸ್ಟ್ ಅಂತ. ನಿರ್ದೇಶಕರ ಉಣ್ಣೆ ಟೋಪಿಯನ್ನೂ ಫ್ರೀಜರ್‌ಗೆ ತಳ್ಳಿದವರು ಅವರು. ಅದು ಹೊರಗೆ ಬರುವಷ್ಟರಲ್ಲಿ ಚಳಿಗಾಲವೇ ಮುಗಿದಿತ್ತು ಎನ್ನುವುದು ಉಪ್ಪುಖಾರ ಹಚ್ಚಿದ ಮಾತಿರಬಹುದು, ಟೋಪಿ ಹೋದದ್ದಂತೂ ನಿಜ.

ಅಂಥವರ ಮೇಜಿನ ಮೇಲೆ ನಾನು ಅತ್ತೆಯ ಗಾಜಿನ ಬಾಟಲಿ ಇಟ್ಟು, ಒಳಗೇನಿದೆ ಅಂತಲೂ ಹೇಳದೆ ಮೀಟಿಂಗಿಗೆ ಓಡಿದೆ.

ಮಾವ ತೀರಿಕೊಂಡ ಮೇಲೆ ಅತ್ತೆ ಮಾತು ಬಿಟ್ಟಿದ್ದರು. ಮುನಿಸಿಲ್ಲ, ಜಗಳವಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಜೀವಮಾನವೆಲ್ಲ ಬೇರೆಯವರ ಬಟ್ಟೆ ಹೊಲಿದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಹೊಲಿಗೆ ಯಂತ್ರದ ಮುಚ್ಚಳದ ಮೇಲೆ ಇಸ್ತ್ರಿ ಬಟ್ಟೆ ಪೇರಿಸುವುದು ನಮಗೂ ರೂಢಿಯಾಗಿಬಿಟ್ಟಿತ್ತು. ಹೀಗಿರುವಾಗ ಬಾಲ್ಕನಿಯ ಕುಂಡದಲ್ಲಿದ್ದ ನಿಂಬೆ ಗಿಡಕ್ಕೆ ಒಂದು ಹಸಿರು ಹುಳು ಬಂತು. ಅತ್ತೆ ಅದರ ಪಕ್ಕ ಕುರ್ಚಿ ಹಾಕಿಕೊಂಡರು. ಎಲೆಯನ್ನೆಲ್ಲ ಮುಕ್ಕಿ ಕೊಬ್ಬಿದ ಹುಳು, ಸೊಂಟಕ್ಕೆ ನೂಲು ಸುತ್ತಿ ರೆಂಬೆಗೆ ಆತುಕೊಂಡು ಕೋಶವಾದ ದಿನ ಅಡುಗೆಮನೆಯಲ್ಲಿದ್ದ ನನ್ನನ್ನು ಕೂಗಿದರು.

"ನೋಡೇ, ಒಂದೇ ದಾರ. ಎಲ್ಲೂ ಗಂಟು ಕಾಣಲ್ಲ."

ಅಷ್ಟುದ್ದದ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಒಲೆಯ ಮೇಲೆ ಹಾಲು ಉಕ್ಕಿ ಹರಿದದ್ದೂ ನನಗೆ ಗೊತ್ತಾಗಲಿಲ್ಲ.

ರೆಂಬೆ ಕತ್ತರಿಸಿ ಬಾಟಲಿಯಲ್ಲಿಟ್ಟುಕೊಂಡು ಕಾದರು. ಚಿಟ್ಟೆ ಬರಲಿಲ್ಲ. ಕೋಶ ಕಂದು ಬಣ್ಣಕ್ಕೆ ತಿರುಗಿತು. "ನಿಮ್ಮಲ್ಲಿ ಗೊತ್ತಿರೋರಿಗೆ ತೋರಿಸ್ಕೊಂಡು ಬಾ. ಜೋಪಾನ," ಎಂದು, ಮಗುವನ್ನು ಡಾಕ್ಟರ ಹತ್ತಿರ ಕಳಿಸುವ ಹಾಗೆ ಬಾಟಲಿಗೆ ಬಟ್ಟೆ ಸುತ್ತಿ ಕೊಟ್ಟರು. ಈ ಕೋಶ ಕೈಕೊಟ್ಟರೆ ಅತ್ತೆ ಮತ್ತೆ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ನನಗೆ ಹೆದರಿಕೆಯಿತ್ತು.

ಮೀಟಿಂಗ್ ಊಟದ ಹೊತ್ತು ದಾಟಿತು. ಬಂದು ನೋಡಿದರೆ ಮೇಜು ಖಾಲಿ.

"ಬಾಟಲಿ ಎಲ್ಲಿ ಮೇಡಂ?"

"ಎಲ್ಲಿರತ್ತೆ, ಫ್ರೀಜರ್‌ನಲ್ಲಿ," ಎಂದರು ಚೆಕ್‌ಪೋಸ್ಟ್. "ಹಳೇ ಬಟ್ಟೆ ಬೇರೆ ಸುತ್ತಿದ್ಯಲ್ಲ."

"ಅದು ಜೀವಂತ ಇತ್ತು."

ಅವರ ಮುಖ ಬಿಳುಚಿಕೊಂಡಿತು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. "ಸತ್ತದ್ದು ಬಿಟ್ಟು ಬೇರೇನೂ ನಿಮ್ಮ ಕಣ್ಣಿಗೆ ಬೀಳಲ್ವಾ?" ಎಂದುಬಿಟ್ಟೆ. ಅವರು ಎದ್ದು ಫ್ರೀಜರ್ ತೆರೆದರು. ಬಾಟಲಿ ತಂದು, ಕೋಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮೆಲ್ಲನೆ ಬಿಡಿಸಿದರು. ಸ್ವಲ್ಪ ಹೊತ್ತಿಗೆ ಕರೆದರು.

ಒಳಗೆ ಚಿಟ್ಟೆಯೇ ಇರಲಿಲ್ಲ. ಸಾಸಿವೆಯಷ್ಟು ಸಣ್ಣ ಕಣಜಗಳು ಒತ್ತೊತ್ತಾಗಿ ತುಂಬಿದ್ದವು. ಕಣ್ಣು, ರೆಕ್ಕೆ ಎಲ್ಲ ಮೂಡಿ ಹೊರಡಲು ಸಿದ್ಧವಾಗಿದ್ದವು. ಒಂದೂ ಅಲುಗುತ್ತಿರಲಿಲ್ಲ. ಈ ಜಾತಿಯ ತಾಯಿ ಕಣಜ, ಚಿಟ್ಟೆಯ ಹುಳುವಿನ ಪಕ್ಕದಲ್ಲೇ ಕಾದು ಕೂತಿರುತ್ತದೆ. ಹುಳು ಕೋಶವಾಗಿ, ಮೈ ಇನ್ನೂ ಮೆತ್ತಗಿರುವಾಗ ಅದರೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಒಳಗಿನದ್ದನ್ನೆಲ್ಲ ತಿಂದು ಬೆಳೆಯುತ್ತವೆ.

"ಚಿಟ್ಟೆ ಯಾವತ್ತೋ ಹೋಗಿತ್ತು ಕಣೇ. ಅದನ್ನ ನಾನು ಕೊಂದಿದ್ದಲ್ಲ," ಎಂದರು. ಪಾಪ, ಅವರ ಮೇಲೆ ಹಾಗೆ ಹಾರಿಬಿದ್ದದ್ದಕ್ಕೆ ನನಗೆ ನಾಚಿಕೆಯಾಯಿತು.

ಅತ್ತೆಗೆ ಅರ್ಧ ಹೇಳಿ ಅರ್ಧ ನುಂಗಿಬಿಡೋಣ ಅಂದುಕೊಂಡು ಮನೆಗೆ ಹೋದೆ. ಅವರು ನನ್ನ ಖಾಲಿ ಕೈ ನೋಡಿದರು. ಫ್ರೀಜರ್ ಸಮೇತ ಎಲ್ಲವನ್ನೂ ಹೇಳಿಬಿಟ್ಟೆ. ಅತ್ತೆ ತುಟಿ ಎರಡು ಮಾಡಲಿಲ್ಲ. ಮುಗಿಯಿತು ಅಂದುಕೊಂಡೆ.

"ಸಣ್ಣ ನೊಣದಂಥದ್ದು ಒಂದು ಅದರ ಹತ್ರಾನೇ ಕೂತಿರ್ತಿತ್ತು," ಎಂದರು ಬಹಳ ಹೊತ್ತಿನ ಮೇಲೆ. "ನಾನೇ ಓಡಿಸ್ಲಿಲ್ಲ. ಒಂಟಿ ಹುಳು, ಜೊತೆಗೊಂದು ಇರ್ಲಿ ಅಂತ ಬಿಟ್ಟೆ."

"ನಿಮಗೆ ಹೇಗೆ ಗೊತ್ತಾಗ್ಬೇಕು ಅತ್ತೆ. ನಿಮ್ಮ ತಪ್ಪಲ್ಲ."

"ತಪ್ಪು ಅಂತ ಯಾರಂದ್ರು? ಅದೂ ತಾಯಿನೇ ಅಲ್ವಾ. ಅದರ ಮಕ್ಕಳೂ ಹೊರಗೆ ಬರ್ಲಿಲ್ಲ ಹಾಗಾದ್ರೆ." ಅವರು ಕಣ್ಣೊರೆಸಿಕೊಂಡರು. ಮಾವ ಹೋದಾಗಲೂ ನಮ್ಮೆದುರು ಅತ್ತವರಲ್ಲ.

ಕೆಲವು ದಿನ ಕಳೆದು ಗಿಡದಲ್ಲಿ ಇನ್ನೆರಡು ಹುಳು ಕಾಣಿಸಿದವು, ಬೇರೆ ಬೇರೆ ರೆಂಬೆಯಲ್ಲಿ. ಇಡೀ ಗಿಡಕ್ಕೆ ತೆಳು ಬಟ್ಟೆ ಮುಚ್ಚಿದರೆ ಕಣಜ ಹತ್ತಿರ ಸುಳಿಯುವುದಿಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಅತ್ತೆ ಎದ್ದು ಹೋಗಿ ಯಂತ್ರದ ಮೇಲಿದ್ದ ಬಟ್ಟೆಯ ರಾಶಿಯನ್ನೆತ್ತಿ ನನ್ನ ತೋಳಿಗೆ ಹೇರಿದರು. ಮುಚ್ಚಳ ತೆಗೆದು ಎಣ್ಣೆ ಬಿಟ್ಟರು. ಆಮೇಲೆ ಇಷ್ಟು ದಿನ ಯಾರಿಗೂ ಮುಟ್ಟಲು ಬಿಡದಿದ್ದ ಮಾವನ ತೆಳ್ಳನೆಯ ಬಿಳಿ ಅಂಗಿಯನ್ನು ತಂದು ಅದರ ಒಂದು ತೋಳನ್ನು ಕತ್ತರಿಸಿದರು. ಒಂದು ಬಾಯಿ ಮುಚ್ಚಿ ಹೊಲಿದು, ಇನ್ನೊಂದಕ್ಕೆ ಲಾಡಿ ಪೋಣಿಸಿ, ಒಂದು ರೆಂಬೆಗೆ ತೊಡಿಸಿ ಕಟ್ಟಿದರು.

"ಇನ್ನೊಂದು ತೋಳು ಇದೆಯಲ್ಲ ಅತ್ತೆ. ಆ ರೆಂಬೆಗೆ?"

"ಆ ರೆಂಬೆ ತೆರೆದೇ ಇರ್ಲಿ," ಎಂದರು, ಕುರ್ಚಿಯನ್ನು ಗಿಡದ ಹತ್ತಿರಕ್ಕೆ ಎಳೆದುಕೊಳ್ಳುತ್ತ. "ಕಾಯ್ತಾ ಕೂತಿರೋಳು ನಾನೊಬ್ಳೇ ಅಲ್ಲ."